ಒಲೆ ಮುಂದಿನ ಬೂಟು

ಆಗಸ್ಟ್ ೨೮, ಗುರುವಾರ

ಇವತ್ತಿನಿಂದ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದು ಧರ್ಮ. ಅಕ್ಕೋಳದಲ್ಲಿ ಚಾತುರ್ಮಾಸಕ್ಕೆ ನಿಂತಿರುವ ಮುನಿ ಮಹಾರಾಜರು ಹೋದ ಭಾನುವಾರದ ಪ್ರವಚನದಲ್ಲಿ ಒಂದು ಮಾತು ಹೇಳಿದರು. ಆ ದಿನದ ತಪ್ಪನ್ನು ಆ ದಿನವೇ ಬರೆದಿಡಿ, ಯಾರಿಗೂ ತೋರಿಸಬೇಡಿ, ಕೊನೆಗೆ ಕ್ಷಮಾವಣಿಯ ದಿನ ಎಲ್ಲರ ಕ್ಷಮೆ ಕೇಳಿ ಹಗುರಾಗಿ ಎಂದರು. ಕುಳಿತಿದ್ದವರೆಲ್ಲ ತಲೆಯಾಡಿಸಿದರು, ನಾನೂ ಆಡಿಸಿದೆ. ನಿಜವಾಗಿ ಬರೆಯುತ್ತಿರುವವನು ನಾನೊಬ್ಬನೇ ಇರಬೇಕು.

ಮೂರು ವ್ರತ ಹಿಡಿದಿದ್ದೇನೆ. ದಿನಕ್ಕೆ ಒಂದೇ ಊಟ. ಫೋನಿನಲ್ಲಿ ವಿಡಿಯೋ ನೋಡುವುದಿಲ್ಲ. ಚರ್ಮ ಮುಟ್ಟುವುದಿಲ್ಲ. ಮೂರನೆಯದನ್ನು ಕೇಳಿದ ಪೂನಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಮುಟ್ಟೂದಿಲ್ಲ, ಖರೆ ಮಾರತೀರಿ," ಎಂದಳು. ಹೆಂಡತಿಯ ಬಾಯಿಗೆ ಯಾವ ವ್ರತವೂ ಇಲ್ಲ.

ಆದರೆ ಮಾತು ಸುಳ್ಳಲ್ಲ. ನಿಪ್ಪಾಣಿಯಲ್ಲಿ ಹೆದ್ದಾರಿ ಪಕ್ಕ ನಮ್ಮದು ಪುಣೆಯ 'ಗಡವಾಟ' ಕಂಪನಿಯ ಅಂಗಡಿ. ಟೆಂಟು, ಬೆನ್ನುಚೀಲ, ರೇನ್‌ಕೋಟು, ತಲೆಗೆ ಕಟ್ಟುವ ಬ್ಯಾಟರಿ ಸಿಗುತ್ತವೆ. ರಾತ್ರಿ ಕಬ್ಬಿಗೆ ನೀರು ಬಿಡುವ ರೈತರು ಬ್ಯಾಟರಿ ಒಯ್ಯುತ್ತಾರೆ, ರಜೆಗೆ ಕೋಟೆ ಹತ್ತಲು ಮಹಾರಾಷ್ಟ್ರಕ್ಕೆ ಹೋಗುವ ಹುಡುಗರು ಉಳಿದದ್ದನ್ನು ಒಯ್ಯುತ್ತಾರೆ. ಎಲ್ಲದಕ್ಕೂ ಒಂದು ವರ್ಷ ವಾರಂಟಿ. ಬಾಗಿಲ ಮೇಲೆ ದೊಡ್ಡದಾಗಿ 'ನೀವು ನಡೆಯಿರಿ, ಹೊಣೆ ನಮ್ಮದು' ಎಂದು ಬರೆಸಿದ್ದಾರೆ. ಬೂಟುಗಳು ಮೇಲಿನ ಖಾನೆಯಲ್ಲಿವೆ. ಅದರಲ್ಲಿ ಕೆಲವು ಚರ್ಮದವು. ಆ ಖಾನೆಗೆ ಕೈ ಹಾಕುವವನು ಕೆಲಸದ ಅಸ್ಫಾಕ. ವ್ರತವಿಲ್ಲದ ದಿನವೂ ನಾನು ಆ ಕಡೆ ಹೋಗುವುದಿಲ್ಲ. ಅವನಿಗೆ ಮಗ ಹುಟ್ಟಿದ್ದಾನೆ, ಕಾಗವಾಡದ ಮಾವನ ಮನೆಗೆ ಹೋಗಿದ್ದಾನೆ. ಅವನು ಬರುವವರೆಗೆ ಬೂಟು ಕೇಳಿದವರನ್ನು ಹೇಗೋ ಸಾಗಹಾಕಬೇಕು.

ಇವತ್ತಿನ ತಪ್ಪು: ಅಂಗಡಿಯ ಮುಂದೆ ಸ್ಕೂಟರ್ ಅಡ್ಡ ನಿಲ್ಲಿಸಿದವನನ್ನು ಮನಸ್ಸಿನಲ್ಲೇ ಬೈದೆ. ಉತ್ತಮ ಕ್ಷಮಾ ಧರ್ಮದ ದಿನವೇ ಹೀಗಾಯಿತು.

ಆಗಸ್ಟ್ ೩೦, ಶನಿವಾರ

ಇವತ್ತು ಆರ್ಜವ, ಅಂದರೆ ಒಳಗೊಂದು ಹೊರಗೊಂದು ಇಲ್ಲದಿರುವುದು.

ಕಂಪನಿಯ ಏರಿಯಾ ಮ್ಯಾನೇಜರ್ ಸಂಗ್ರಾಮ ಕೊಲ್ಲಾಪುರದಿಂದ ಫೋನ್ ಮಾಡಿದ್ದ. ಮರಾಠಿಯಲ್ಲಿ ಅಣ್ಣ, ಶೇಟ್ ಎಂದು ಸಕ್ಕರೆ ಸುರಿದು ಆಮೇಲೆ ವಿಷಯಕ್ಕೆ ಬಂದ. ಸುತ್ತಲಿನ ಅಂಗಡಿಗಳಲ್ಲೆಲ್ಲ ವಾರಂಟಿಯಲ್ಲಿ ವಾಪಸು ಬರುವ ಮಾಲು ನಿಪ್ಪಾಣಿಯಿಂದಲೇ ಹೆಚ್ಚಂತೆ. ಗ್ರಾಹಕರು ಬಂದು ಅತ್ತರೆ ನಾನು ಕರಗುತ್ತೇನಂತೆ. ಮೇಲಿನವರು ಏಜೆನ್ಸಿಯನ್ನು ಇಚಲಕರಂಜಿಯ ಒಬ್ಬನಿಗೆ ಕೊಡುವ ಮಾತಾಡುತ್ತಿದ್ದಾರಂತೆ. ಸ್ವಲ್ಪ ಕಣ್ಣಿಟ್ಟು ನೋಡಿ, ಜನ ಬೇಕಾಬಿಟ್ಟಿ ಬಳಸಿ ಹಾಳುಮಾಡಿ ತರುತ್ತಾರೆ ಎಂದ. ನಾನು ಹೌದು ಹೌದು ಎಂದೆ. ಇದು ಆರ್ಜವ ಅಲ್ಲ ಅನಿಸಿತು, ಆದರೆ ಸುಳ್ಳೂ ಅಲ್ಲ. ಬೇಕಾಬಿಟ್ಟಿ ಬಳಸುವವರು ಇದ್ದೇ ಇದ್ದಾರೆ.

ಇವತ್ತಿನ ತಪ್ಪು: ಊಟದ ಹೊತ್ತು ಮೀರಿದ ಮೇಲೆ ಎರಡು ಗೋಡಂಬಿ ಬಾಯಿಗೆ ಹಾಕಿಕೊಂಡೆ. ಪೂನಮ ನೋಡಿಲ್ಲ.

ಸೆಪ್ಟೆಂಬರ್ ೧, ಸೋಮವಾರ

ಐದನೆಯ ದಿನ, ಉತ್ತಮ ಸತ್ಯ.

ಮಧ್ಯಾಹ್ನ ಒಬ್ಬ ಹುಡುಗಿ ಬಂದಳು. ಗುಲನಾಜ ಅಂತ, ರಾಯಬಾಗ ತಾಲೂಕಿನ ಪಾಲಬಾವಿಯವಳು, ಚಿಕ್ಕೋಡಿಯ ಕಾಲೇಜಿನಲ್ಲಿ ಓದುತ್ತಾಳೆ, ಎನ್‌ಸಿಸಿಯಲ್ಲಿದ್ದಾಳೆ. ಹಿಮಾಲಯದ ಕಡೆ ಪರ್ವತ ಹತ್ತುವ ಶಿಬಿರಕ್ಕೆ ಈ ಭಾಗದಿಂದ ಆರಿಸಿರುವುದು ಇವಳೊಬ್ಬಳನ್ನೇ ಅಂತೆ. ಮೇ ತಿಂಗಳಲ್ಲಿ ನಮ್ಮಲ್ಲೇ ಬೂಟು ಕೊಂಡಿದ್ದಳು. ದಿನಾ ಬೆಳಿಗ್ಗೆ ಬೆನ್ನಿಗೆ ಭಾರ ಕಟ್ಟಿಕೊಂಡು ಕಾಲುವೆ ದಂಡೆಯ ಮೇಲೆ ನಡೆದು ಅಭ್ಯಾಸ ಮಾಡುತ್ತಿದ್ದಳಂತೆ. ಈಗ ಎರಡೂ ಬೂಟಿನ ಅಟ್ಟೆ ಮುಂದಿನಿಂದ ಕಿತ್ತು ಬಾಯಿ ತೆರೆದಿವೆ.

ಅವನ್ನು ಕೌಂಟರಿನ ಮೇಲೆ ಇಡಲು ಬಂದಳು. ಬೇಡ ಎಂದು ನೆಲದ ಮೇಲೆ ಪೇಪರ್ ಹಾಸಿದೆ. ಚರ್ಮದ ಬೂಟು, ನಾನು ಮುಟ್ಟುವ ಹಾಗಿಲ್ಲ. ಅವಳೇ ಹಿಡಿದು ತಿರುಗಿಸಿದಳು, ನಾನು ನಿಂತಲ್ಲಿಂದಲೇ ಫೋಟೋ ತೆಗೆದೆ. ಕಂಪನಿಯ ಆ್ಯಪ್‌ನಲ್ಲಿ ಫೋಟೋ ಹಾಕಿದ ಮೇಲೆ ಒಂದೊಂದೇ ಪ್ರಶ್ನೆ ಬರುತ್ತದೆ. ನೀರಿನಲ್ಲಿ ನೆನೆದಿತ್ತೇ, ಬೆಂಕಿಯ ಶಾಖ ತಗುಲಿತ್ತೇ ಎಂದು ಕೇಳಿದೆ. ಇಲ್ಲ ಎಂದಿದ್ದರೆ ಮುಗಿದು ಹೋಗುತ್ತಿತ್ತು. ಆ ಹುಡುಗಿ ನೆನಪು ಮಾಡಿಕೊಂಡು, ಜುಲೈನಲ್ಲಿ ಒಮ್ಮೆ ಮಳೆಗೆ ತೊಯ್ದಾಗ ಅವರಮ್ಮ ಒಲೆಯ ಮುಂದೆ ಸ್ವಲ್ಪ ದೂರದಲ್ಲಿ ಒಣಗಲು ಇಟ್ಟಿದ್ದರು ಎಂದಳು.

ನಾನು 'ಹೌದು' ಒತ್ತಿದೆ. ಉಳಿದದ್ದು ಆ್ಯಪ್ ಮಾಡಿತು. 'ಬಳಕೆದಾರರ ತಪ್ಪಿನಿಂದಾದ ಶಾಖದ ಹಾನಿ, ವಾರಂಟಿ ಅನ್ವಯಿಸದು' ಎಂದು ಅವಳ ಫೋನಿಗೂ ಬಂತು. ಅವಳು ಎರಡು ಸಲ ಓದಿದಳು.

"ಹಂಗಾರ ಅಮ್ಮಿ ಒಲಿ ಮುಂದ ಇಟ್ಟಿದ್ದಕ್ಕ ಹಿಂಗಾತೇನ್ರಿ?"

"ಕಂಪನಿಯವ್ರು ಹಂಗ ಅಂತಾರ ನೋಡವಾ," ಎಂದೆ.

ಬೂಟನ್ನು ಚೀಲಕ್ಕೆ ತುಂಬಿಕೊಂಡು ಹೋದಳು. ಜಗಳ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಇವತ್ತಿನ ತಪ್ಪು: ಸಂಜೆ ಆರತಿಯ ಹೊತ್ತಿಗೆ ಮನಸ್ಸು ಅಂಗಡಿಯಲ್ಲಿತ್ತು.

ಸೆಪ್ಟೆಂಬರ್ ೨, ಮಂಗಳವಾರ

ಸಂಗ್ರಾಮ ಮೆಸೇಜಿನಲ್ಲಿ ಭೇಷ್ ಎನ್ನುವ ಹೆಬ್ಬೆರಳಿನ ಚಿತ್ರ ಕಳಿಸಿದ್ದಾನೆ. ನಿನ್ನೆಯದು ನೋಡಿರಬೇಕು.

ಒಲೆಯ ಮುಂದೆ ಬೂಟು ಇಡಬಾರದು ಎಂದು ಡಬ್ಬಿಯ ಮೇಲೆ ಬರೆದೇ ಇದೆ. ಓದದಿದ್ದರೆ ಯಾರ ತಪ್ಪು? ಇದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ, ಇದು ತಪ್ಪುಗಳ ಡೈರಿ.

ಸೆಪ್ಟೆಂಬರ್ ೪, ಗುರುವಾರ

ತಪ್ಪೇನೂ ನೆನಪಾಗುತ್ತಿಲ್ಲ. ಊಟ ಕಡಿಮೆ ಆದದ್ದಕ್ಕೋ ಏನೋ, ಸಿಟ್ಟು ಬೇಗ ಬರುತ್ತಿದೆ. ಪೂನಮ ಸಂಜೆ ಹಾಲು ಕಾಯಿಸಲು ಇಟ್ಟು ಒಲೆ ಒಲೆ ಎಂದು ಏನೋ ಹೇಳಿದಳು, ಸುಮ್ಮನೆ ಅವಳ ಮೇಲೆ ಹರಿಹಾಯ್ದೆ. ಗ್ಯಾಸ್ ಮುಗಿಯುತ್ತ ಬಂದಿದೆ ಎಂದಷ್ಟೇ ಅವಳು ಹೇಳಿದ್ದು.

ಸೆಪ್ಟೆಂಬರ್ ೮, ಸೋಮವಾರ

ಪರ್ವ ಮುಗಿಯಿತು, ಇವತ್ತು ಕ್ಷಮಾವಣಿ. ಬಸದಿಯಲ್ಲಿ ಚಿಕ್ಕವರು ದೊಡ್ಡವರ ಕಾಲು ಮುಟ್ಟಿದರು, ದೊಡ್ಡವರು ಚಿಕ್ಕವರ ಕೈ ಹಿಡಿದು ಕ್ಷಮೆ ಕೇಳಿದರು. ನನ್ನ ಜೊತೆ ಹೊಲದ ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದ ಜಿನ್ನಪ್ಪ ಕಾಕಾ ಕೂಡ ಬಂದು ಅಪ್ಪಿಕೊಂಡರು. ಕಣ್ಣಲ್ಲಿ ನೀರು ಬಂತು. ಈ ಒಂದು ದಿನ ನಮ್ಮ ಜನರನ್ನು ನೋಡಿದರೆ ಹೆಮ್ಮೆಯಾಗುತ್ತದೆ.

ಅಂಗಡಿಗೆ ಬಂದು ಪ್ರತಿ ವರ್ಷದಂತೆ ಕಮಲದ ಹೂವಿನ ಚಿತ್ರದ ಕೆಳಗೆ 'ಮನಸ್ಸು, ಮಾತು, ಕಾಯದಿಂದ ತಿಳಿದೋ ತಿಳಿಯದೆಯೋ ನಿಮ್ಮ ವಿಷಯದಲ್ಲಿ ತಪ್ಪಾಗಿದ್ದರೆ ಕೈಮುಗಿದು ಕ್ಷಮೆ ಕೇಳುತ್ತೇನೆ' ಎಂದು ಬರೆದು ಫೋನಿನಲ್ಲಿರುವ ಗ್ರಾಹಕರೆಲ್ಲರಿಗೂ ಕಳಿಸಿದೆ. ಒಂದೇ ಒತ್ತು, ಎಲ್ಲರಿಗೂ ಹೋಯಿತು. ಕೈಮುಗಿದ ಚಿತ್ರಗಳು ಸಾಲಾಗಿ ವಾಪಸು ಬಂದವು. ಹಗುರಾಯಿತು. ಮುನಿ ಮಹಾರಾಜರು ಹೇಳಿದಂತೆ ಈ ಡೈರಿಯನ್ನು ಇಲ್ಲಿಗೇ ಮುಗಿಸುವುದಿತ್ತು.

ಸಂಜೆ ಗುಲನಾಜಳ ಉತ್ತರ ಬಂತು. ಅವಳ ನಂಬರೂ ಆ ಪಟ್ಟಿಯಲ್ಲಿತ್ತು. 'ಭಾಳ ಖುಷಿ ಆತ್ರಿ ಅಣ್ಣಾರ. ನಾಳೆ ಬೂಟ ತಗೊಂಡ ಬರ್ತೀನ್ರಿ.'

ಏಕೆ ಬರುತ್ತಾಳೆ?

ಸೆಪ್ಟೆಂಬರ್ ೯, ಮಂಗಳವಾರ

ಬಂದಳು. ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. ಪಾಲಬಾವಿಯಿಂದ ನಸುಕಿನ ಬಸ್ಸು ಹಿಡಿದು ಚಿಕ್ಕೋಡಿಗೆ, ಅಲ್ಲಿಂದ ಇಲ್ಲಿಗೆ. ಮುಖದಲ್ಲಿ ನಗುವಿತ್ತು.

"ಕಂಪನಿಯವ್ರು ತಪ್ಪ ಒಪ್ಪಿದ್ರೇನ್ರಿ?" ಎಂದು ಕೇಳಿದಳು.

ನಾನು ತಿಳಿಸಿ ಹೇಳಿದೆ. ಇದು ನಮ್ಮ ಧರ್ಮದ ಪದ್ಧತಿ, ವರ್ಷಕ್ಕೊಮ್ಮೆ ಎಲ್ಲರಿಗೂ ಕಳಿಸುತ್ತೇವೆ, ಬೂಟಿಗೂ ಅದಕ್ಕೂ ಸಂಬಂಧವಿಲ್ಲ. ನಗು ನಿಧಾನವಾಗಿ ಹೋಯಿತು. ಆದರೂ ಅವಳು ಎದ್ದು ಹೋಗಲಿಲ್ಲ. ತಿಳಿಯದವರು ಕೇಳುವ ಹಾಗೆಯೇ ಕೇಳಿದಳು, ಕೊಂಕೇನೂ ಇರಲಿಲ್ಲ.

"ಎಲ್ಲಾರಿಗೂ ಅಂದ್ರ ಅದರಾಗ ನಾನೂ ಬಂದ್ನಲ್ರಿ. ನನ್ನ ಹತ್ರ ಯಾವ ತಪ್ಪಿಗಿ ಕ್ಷಮಾ ಕೇಳೀರಿ, ಅದೊಂದ ಹೇಳ್ರಿ ಅಣ್ಣಾರ."

ರೇನ್‌ಕೋಟು ಮಡಚುವ ಕೆಲಸ ಹಚ್ಚಿಕೊಂಡೆ.

ಆಮೇಲೆ ಅವಳು ಹೇಳಿದ್ದು ಇದು. ಶುಕ್ರವಾರ ಸಂಜೆಯೊಳಗೆ ಸಾಮಾನು ಎಲ್ಲ ಸರಿ ಇದೆ ಎಂದು ಕಾಲೇಜಿನಿಂದ ಹೆಸರು ಹೋಗಬೇಕು, ಬೂಟು ಇಲ್ಲವೆಂದರೆ ಅವಳ ಜಾಗದಲ್ಲಿ ಅಥಣಿಯ ಹುಡುಗಿ ಹೋಗುತ್ತಾಳೆ. ಅದೂ ಇರಲಿ ಎಂದಳು. ಮನೆಯಲ್ಲಿ ಅವರಮ್ಮ ಮಮತಾಜ ಸರಿಯಾಗಿ ಉಣ್ಣುತ್ತಿಲ್ಲವಂತೆ. ಓಣಿಯಲ್ಲೇ ಇರುವ ಸೋದರತ್ತೆ ಬಂದು 'ಮಗಳ ನಸೀಬಾ ಒಲ್ಯಾಗ ಇಟ್ಟಿ' ಎಂದಿದ್ದಾಳಂತೆ. ಅಂದಿನಿಂದ ಓಣಿಯವರ ಬಾಯಲ್ಲೂ ಅದೇ ಮಾತು. ಅಮ್ಮ ಅಡುಗೆಗೆ ಕುಳಿತಾಗಲೆಲ್ಲ ಅಳುತ್ತಾರಂತೆ.

"ಬೂಟ ಇರ್ಲಿ ಬಿಡ್ರಿ. ಒಲಿಯಿಂದ ಆಗಿಲ್ಲ ಅಂತ ಅಮ್ಮಿಗೊಂದ ಫೋನ್ ಮಾಡಿ ಹೇಳಿದ್ರ ಸಾಕ್ರಿ. ಖರೆ, ಹಂಗ ಇದ್ರ ಅಷ್ಟ ಹೇಳ್ರಿ. ಸುಳ್ಳ ಹೇಳೂದ ಬ್ಯಾಡ."

ನೋಡಿ ಹೇಳುತ್ತೇನೆ ಎಂದೆ. ಬೂಟನ್ನು ಮೊದಲಿನ ಹಾಗೆಯೇ ನೆಲದ ಮೇಲೆ ಪೇಪರ್ ಹಾಸಿ ಇಟ್ಟು ಹೋದಳು. ಅದು ಇನ್ನೂ ಅಲ್ಲೇ ಇದೆ. ಇಡೀ ದಿನ ಅದನ್ನು ಸುತ್ತಿ ಓಡಾಡಿದೆ.

ಸೆಪ್ಟೆಂಬರ್ ೧೦, ಬುಧವಾರ

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಶಟರ್ ಅರ್ಧ ಇಳಿಸಿ ಬೂಟನ್ನು ಎತ್ತಿಕೊಂಡೆ.

ಬೆಂಕಿಗೆ ಸುಟ್ಟ ಗುರುತು ಎಲ್ಲೂ ಇಲ್ಲ. ಅಂಟು ಬಿಟ್ಟಿದ್ದೂ ಅಲ್ಲ. ಅಟ್ಟೆಯ ನಡುವಿನ ಮೆತ್ತನೆಯ ಪದರ ಬೆರಳು ತಾಗಿದರೆ ಹಳೆಯ ರವೆ ಉಂಡಿಯಂತೆ ಉದುರುತ್ತದೆ. ಲೇಸಿನ ಕೆಳಗಿನ ನಾಲಿಗೆಯಂಥ ಪಟ್ಟಿಯ ಒಳಗೆ ಕೈ ಹಾಕಿದೆ, ಒಂದು ಬಟ್ಟೆಯ ಚೀಟಿ ಇತ್ತು. ತಯಾರಾದದ್ದು ೨೦೧೯ರಲ್ಲಿ. ನಾನು ಆ ಹುಡುಗಿಗೆ ಮಾರಿದ್ದು ಈ ವರ್ಷ.

ಸ್ಟೂಲ್ ಹತ್ತಿ ಮೇಲಿನ ಖಾನೆ ನೋಡಿದೆ. ಹಿಂದಿನ ಸಾಲಿನಲ್ಲಿ ಅದೇ ವರ್ಷದ ಇನ್ನೆರಡು ಜೋಡಿ ಇವೆ, ಹೊಚ್ಚ ಹೊಸವು, ಡಬ್ಬಿಯಲ್ಲಿಯೇ ಇವೆ. ಹೆಬ್ಬೆರಳಿನಿಂದ ಒತ್ತಿದೆ. ಒತ್ತಿದಲ್ಲಿ ತಗ್ಗು ಹಾಗೆಯೇ ಉಳಿಯಿತು. ಇಂಥ ಅಟ್ಟೆ ಹಾಕಿಕೊಂಡು ನಡೆದರೂ ನಡೆಯದಿದ್ದರೂ ಕೆಲವು ವರ್ಷಕ್ಕೆ ತಾನೇ ಹಾಳಾಗುತ್ತದೆ, ಮೂರು ವರ್ಷ ಮೀರಿದ ಬೂಟು ವಾಪಸು ಕಳಿಸಿ ಎಂದು ಕಂಪನಿ ಹಿಂದೆಯೇ ತಿಳಿಸಿತ್ತು. ನನಗೆ ನೆನಪಿದೆ. ಆ ಖಾನೆ ಇಳಿಸಿ ನೋಡುವುದೆಂದರೆ ಚರ್ಮ ಮುಟ್ಟಬೇಕು, ಆಮೇಲೆ ಸ್ನಾನ ಮಾಡಬೇಕು. ಇರಲಿ ಬಿಡು ಎಂದುಕೊಂಡಿದ್ದೆ. ಹೀಗೆ ಪ್ರತಿ ವರ್ಷ ಹೊಸ ಡಬ್ಬಿ ಮುಂದೆ ಬಂದು ಹಳೆಯದು ಹಿಂದೆ ಉಳಿಯಿತು. ಮೇ ತಿಂಗಳಲ್ಲಿ ಆ ಹುಡುಗಿಯ ಅಳತೆ ಹುಡುಕುವಾಗ ಹಿಂದಿನದು ಅಸ್ಫಾಕನ ಕೈಗೆ ಬಂದಿದೆ.

ಒಲೆಯಿಂದ ಆಗಿಲ್ಲ. ಬೆಂಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಫೋನ್ ಕೈಗೆ ತೆಗೆದುಕೊಂಡೆ. ಏನೆಂದು ಹೇಳಲಿ ಎಂದು ಯೋಚಿಸುತ್ತಿರುವಾಗ ಗಿರಾಕಿ ಬಂದರು. ಆಮೇಲೆ ಮಾಡಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಅಸ್ಫಾಕ ಬಂದ, ಮಗ ಹುಟ್ಟಿದ ಪೇಢೆ ತಂದಿದ್ದ. ಪೇಢೆ ಬಾಯಲ್ಲಿರುವಾಗಲೇ ನಾನು ಬೂಟಿನ ಮಾತು ತೆಗೆದೆ. ಬಾಯಿಂದ ಬಂದದ್ದು ಇದು: ಆ ಖಾನೆ ನಿನ್ನ ಕೈಯಲ್ಲಿತ್ತಲ್ಲ, ನೋಡಬೇಕಿತ್ತಲ್ಲ.

"ಎರಡ ಸಲ ಹೇಳಿದ್ನಿರಿ ಮಾಲಕರ. ನೀವು ಇರ್ಲಿ ಬಿಡು ಅಂದ್ರಿ," ಎಂದ. ಪೇಢೆಯ ಡಬ್ಬಿ ಮುಚ್ಚುತ್ತ, "ನನ್ನ ಹೆಸರ ಹಾಕೂದಿದ್ರ ಹಾಕ್ರಿ. ನನ್ನ ಏಜೆನ್ಸಿ ಏನ್ ಹೋಗೂದಿಲ್ಲ," ಎಂದ.

ನಾನು ತಲೆ ತಗ್ಗಿಸಿದೆ. ಅವನ ಹೆಸರು ಹಾಕುವ ಯೋಚನೆ ನಿಜವಾಗಿಯೂ ಬಂದಿತ್ತು. ರಾತ್ರಿ ಮಲಗುವ ಮೊದಲು ಬಂದಿತ್ತು, ಬೆಳಿಗ್ಗೆ ಪೂಜೆಯಲ್ಲಿ ಬಂದಿತ್ತು. ಕಂಪನಿ ನನ್ನ ಮೇಲೆ ಹಾಕಿದರೆ ನಾನು ಇವನ ಮೇಲೆ, ಇಲ್ಲವಾದರೆ ಒಲೆ ಮುಂದೆ ಕುಳಿತ ಆ ಹೆಂಗಸಿನ ಮೇಲೆ. ಎಷ್ಟು ನಾಚಿಕೆಗೇಡಿ ಮನುಷ್ಯ ನಾನು.

ಸಂಗ್ರಾಮನಿಗೆ ಫೋನ್ ಮಾಡಿ ಇದ್ದದ್ದು ಹೇಳಿದೆ. ಅವನು ನಕ್ಕ. ಮುಚ್ಚಿದ ಕ್ಲೇಮು ತೆರೆಯಲು ಬರುವುದಿಲ್ಲ, ತೆರೆದರೆ ಹಳೆಯ ಮಾಲು ಮಾರಿದ್ದೇಕೆ ಎಂದು ನಿಮ್ಮ ಕೊರಳಿಗೇ ಬರುತ್ತದೆ ಎಂದ. ಹಳ್ಳಿಯ ಹುಡುಗಿ, ನಾಲ್ಕು ದಿನದಲ್ಲಿ ಮರೆಯುತ್ತಾಳೆ, ಬೇಕಾದರೆ ಅಂಗಡಿಯ ಕಡೆಯಿಂದ ಹೊಸದೊಂದು ಕೊಡಿ, ಆದರೆ ಬಾಯಲ್ಲಿ ತಪ್ಪು ಒಪ್ಪಬೇಡಿ ಎಂದ. ಒಪ್ಪುವುದೊಂದನ್ನು ಬಿಟ್ಟು ಏನು ಬೇಕಾದರೂ ಮಾಡಬಹುದಂತೆ.

ಅವಳ ಅಳತೆಯ ಹೊಸ ಮಾಲು ಅಂಗಡಿಯಲ್ಲಿರಲಿಲ್ಲ, ಸಂಜೆ ಪುಣೆಯ ಗೋದಾಮಿಗೆ ಫೋನ್ ಮಾಡಿ ಒಂದು ಜೋಡಿ ಕಳಿಸಲು ಹೇಳಿದೆ. ಪೂನಮಳಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆ ಅಮ್ಮನಿಗೆ ಫೋನ್ ಮಾಡಿದ್ರೇನು ಎಂದಷ್ಟೇ ಕೇಳಿದಳು.

ಸೆಪ್ಟೆಂಬರ್ ೧೨, ಶುಕ್ರವಾರ

ಮಾಡಲಿಲ್ಲ. ಹೊಸ ಬೂಟು ಕೈಗೆ ಬಂದ ಮೇಲೆ ಒಟ್ಟಿಗೇ ಹೇಳಿದರಾಯಿತು ಎಂದುಕೊಂಡೆ. ಕೊರಿಯರಿನವನಿಗೆ ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಸಾಕಾಯಿತು. ಅವನಿಗೆ ಮಾಡಲು ಬಂದ ಫೋನು ಅವರಿಗೆ ಮಾಡಲು ಬರಲಿಲ್ಲ.

ಸೆಪ್ಟೆಂಬರ್ ೧೩, ಶನಿವಾರ

ಮಧ್ಯಾಹ್ನ ಬೂಟು ಬಂತು. ಗುಲನಾಜಳಿಗೆ ಫೋನ್ ಮಾಡಿದೆ. ನಿನ್ನೆ ಸಂಜೆ ಅಥಣಿಯ ಹುಡುಗಿಯ ಹೆಸರು ಹೋಯಿತಂತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಸಂಜೀತನಾ ನಿಮ್ಮ ದಾರಿ ನೋಡಿದ್ನಿರಿ ಅಣ್ಣಾರ," ಎಂದಳು.

ಬುಧವಾರ ಮಧ್ಯಾಹ್ನವೇ ಗೋದಾಮಿಗೆ ಹೇಳಿದ್ದರೆ ಶುಕ್ರವಾರ ಬೂಟು ಬರುತ್ತಿತ್ತು. ಬೂಟು ಬರದಿದ್ದರೂ ತಪ್ಪು ಅಂಗಡಿಯದು, ನಾಳೆ ಬರುತ್ತದೆ ಎಂದು ಕಾಲೇಜಿನವರಿಗೆ ಒಂದು ಮಾತು ಹೇಳಬಹುದಿತ್ತು. ಒಂದು ಫೋನು. ನಾನು ಅವಳ ವರ್ಷವನ್ನು ಕಳೆದೆ. ಇದಕ್ಕೆ ಯಾವ ಆ್ಯಪ್‌ನಲ್ಲೂ ಬೇರೆ ಹೆಸರಿಲ್ಲ. ಊಟ ಸೇರಲಿಲ್ಲ. ಪೂನಮ ತಟ್ಟೆ ಎತ್ತಿಟ್ಟು, ನಾಳ ಹೋಗಿ ಬರ್ರಿ ಎಂದಳು.

ಸೆಪ್ಟೆಂಬರ್ ೧೪, ಭಾನುವಾರ

ಪಾಲಬಾವಿಗೆ ಹೋಗಿ ಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಚಿಕ್ಕೋಡಿ ದಾಟಿ ಮೋಟಾರ್‌ಸೈಕಲ್ ಮೇಲೆ ಹೋದೆ. ಹಿಂದೆ ಎರಡು ಡಬ್ಬಿ ಕಟ್ಟಿದ್ದೆ. ಒಂದರಲ್ಲಿ ಹೊಸ ಬೂಟು, ಇನ್ನೊಂದರಲ್ಲಿ ಖಾನೆಯ ಹಿಂದಿನ ಸಾಲಿನಲ್ಲಿದ್ದ ೨೦೧೯ರ ಜೋಡಿ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಬಾಯಿಪಾಠ ಮಾಡಿದೆ.

ಮಮತಾಜ ಬಾಗಿಲಲ್ಲೇ ಇದ್ದರು. ಗುಲನಾಜಳ ತಂದೆ ಮೌಲಾಲಿ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದರು. ಹೆಂಗಸು ಸೆರಗು ಹೊದ್ದುಕೊಂಡು, ಇಷ್ಟು ದೂರ ಯಾಕೆ ಬಂದಿರಿ ಎಂದು ಚಾಪೆ ಹಾಸಿ ಚಹಾ ಕೊಟ್ಟರು. ನಾನು ಕುಡಿದೆ. ಕಪ್ಪು ಕೆಳಗಿಟ್ಟು, ತಪ್ಪು ನಿಮ್ಮದಲ್ಲ, ನನ್ನದು, ಕ್ಷಮೆ ಕೇಳಲು ಬಂದಿದ್ದೇನೆ ಎಂದೆ.

ಅವರು ನಕ್ಕರು. ಒಳ್ಳೆಯವರನ್ನು ಕಂಡಾಗ ನಗುವಂಥ ನಗು.

"ಮಗಳು ತೋರಿಸ್ಯಾಳ್ರಿ ನಿಮ್ಮ ಮೆಸೇಜ್. ನಿಮ್ಮ ಮಂದಿ ತಪ್ಪ ಮಾಡದಿದ್ರೂ ಕ್ಷಮಾ ಕೇಳತಾರಂತ. ದೊಡ್ಡ ಗುಣ ಬಿಡ್ರಿ. ಒಲಿ ಮುಂದ ಇಟ್ಟಾಕಿ ನಾನ. ನೀವ್ಯಾಕ ಹೊತ್ಕೊಳ್ಳಾಕತ್ತೀರಿ?"

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಮತ್ತೆ ಹೇಳಿದೆ, ಇನ್ನೊಮ್ಮೆ ಹೇಳಿದೆ. ನಿಜವೇ ಎಂದು ಆಣೆ ಮಾಡಿದೆ. ಅವರು ಹೌದ್ರಿ ಹೌದ್ರಿ ಎನ್ನುತ್ತ ನನ್ನನ್ನೇ ಸಮಾಧಾನ ಮಾಡಿದರು. ನಾನು ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ಇನ್ನಷ್ಟು ಒಳ್ಳೆಯವನಾಗುತ್ತಿದ್ದೆ. ಒಂದು ವಾರದ ಹಿಂದೆ ಒಂದೇ ಒತ್ತಿಗೆ ಎಲ್ಲರಿಗೂ ಕಳಿಸಿದ ಕ್ಷಮೆ ನನ್ನ ಬಾಯಿಗೆ ಅಡ್ಡ ನಿಂತಿತ್ತು. ಗುಲನಾಜ ಗೋಡೆಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು.

ಹಳೆಯ ಡಬ್ಬಿ ಬಿಚ್ಚಿದೆ. ಬೂಟಿನೊಳಗೆ ಕಂಪನಿ ತುರುಕಿದ್ದ ಕಾಗದ ಕೂಡ ಹಾಗೇ ಇತ್ತು. ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದೆ. ಅಟ್ಟೆ ಅರ್ಧಕ್ಕೆ ಮುರಿದು ಕಿತ್ತು ಚಾಪೆಯ ಮೇಲೆ ಬಿತ್ತು. ಪುಡಿ ನನ್ನ ತೊಡೆಯ ಮೇಲೆಲ್ಲ ಉದುರಿತು.

ಮಮತಾಜ ಒಂದು ಚೂರು ಎತ್ತಿಕೊಂಡು ಬೆರಳಲ್ಲಿ ತಿಕ್ಕಿದರು.

"ಇದನ್ನ ಯಾರೂ ಹಾಕ್ಕೊಂಡಿಲ್ಲೇನ್ರಿ?"

"ಇಲ್ರಿ."

"ಒಲಿ ಮುಂದ?"

"ಒಲಿ ಕಂಡಿಲ್ರಿ ಇದು. ನಮ್ಮ ಅಂಗಡ್ಯಾಗ ಇತ್ತು. ಇದರ ಜೋಡಿ ಬಂದಿದ್ದನ್ನ ನಾ ನೋಡಲಾರದ ನಿಮ್ಮ ಮಗಳಿಗೆ ಮಾರಿದ್ನಿ. ಆಮ್ಯಾಲ ಗೊತ್ತಾದ್ರೂ ಸುಮ್ನ ಕುಂತ್ನಿ."

ಅವರು ಪುಡಿಯನ್ನು ತಿಕ್ಕುತ್ತಲೇ ಇದ್ದರು. ಮಗಳ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಕೇಳಿದರು, ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ನನ್ನನ್ನು ನೋಡಿದ ನೋಟ ಬೇರೆ ಇತ್ತು. ನಾನು ಕ್ಷಮಾ ಎಂದು ಬಾಯಿ ತೆರೆದೆ.

"ನಡುಮನ್ಯಾಗ ಕುಂತ ನನಗೊಬ್ಬಾಕಿಗೆ ಹೇಳಿದ್ರ ಹೆಂಗ್ರಿ? ನಸೀಬಾ ಒಲ್ಯಾಗ ಇಟ್ಟಿ ಅಂದಾಕಿ ಆ ಮನ್ಯಾಗ ಅದಾಳ. ಏಳ್ರಿ."

ಹಳೆಯ ಬೂಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಮೊದಲು ನಾದಿನಿಯ ಮನೆ. ಆಕೆಯ ಮುಂದೆ ನಿಂತು ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಪಕ್ಕದ ಬಟ್ಟೆ ಹೊಲಿಯುವವರ ಮನೆಯಲ್ಲಿ ಹೇಳಿದೆ. ಅಲ್ಲಿ ನಂಬಲಿಲ್ಲ, ಎಡಗಾಲಿನ ಬೂಟನ್ನೂ ಬಗ್ಗಿಸಿ ತೋರಿಸಬೇಕಾಯಿತು. ಗಿರಣಿಯ ಮುಂದೆ ಹಿಟ್ಟಿಗೆ ಬಂದವರು ಇದ್ದರು, ಅಲ್ಲಿಯೂ ಹೇಳಿದೆ. ಯಾರೋ ಫೋನಿನಲ್ಲಿ ವಿಡಿಯೋ ಮಾಡಿಕೊಂಡರು. ಸಂಗ್ರಾಮನಿಗೆ ಮುಟ್ಟಿಯೇ ಮುಟ್ಟುತ್ತದೆ, ಬೇಡ ಎನ್ನಲು ಬಾಯಿ ಬರಲಿಲ್ಲ. ಒಬ್ಬ ಅಜ್ಜ ತನ್ನ ತಲೆಯ ಬ್ಯಾಟರಿ ತಂದು, ಇದೂ ನಿಮ್ಮದ ನೋಡ್ರಿ, ಮಿಣಮಿಣ ಅನ್ನಾಕತ್ತೇತಿ ಎಂದ. ಅದನ್ನೂ ಇಸಿದುಕೊಂಡೆ.

ಪ್ರತಿ ಮನೆಯಲ್ಲಿ ಮಮತಾಜ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಏನಾದರೂ ಬಿಟ್ಟರೆ ನೆನಪು ಮಾಡಿಕೊಟ್ಟರು. ಓಣಿ ಮುಗಿಯುವಷ್ಟರಲ್ಲಿ ಅವರ ತಲೆ ಮೇಲೆದ್ದಿತ್ತು, ಎದುರಿಗೆ ಬಂದವರನ್ನು ಅವರೇ ಕರೆದು ನಿಲ್ಲಿಸುತ್ತಿದ್ದರು.

ಮನೆಗೆ ಮರಳಿದಾಗ ಗುಲನಾಜ ಹೊಸ ಬೂಟು ಹಾಕಿಕೊಂಡು ಅಂಗಳದಲ್ಲಿ ನಡೆದು ನೋಡುತ್ತಿದ್ದಳು. ಬರುವ ವರ್ಷ ಮತ್ತೆ ಅರ್ಜಿ ಹಾಕಬಹುದಂತೆ, ಆರಿಸುತ್ತಾರೋ ಇಲ್ಲವೋ ಗೊತ್ತಿಲ್ಲ ಎಂದಳು. ನಾನು ಮೋಟಾರ್‌ಸೈಕಲ್ ಹತ್ತುವ ಮೊದಲು ಕೈಮುಗಿದು ಕ್ಷಮಾ ಮಾಡ್ರಿ ಎಂದೆ. ಇಷ್ಟಾದ ಮೇಲೆ ಮಾಡುತ್ತಾರೆ ಅಂದುಕೊಂಡಿದ್ದೆ.

"ಈಗ ಆಗೂದಿಲ್ರಿ," ಎಂದರು ಮಮತಾಜ. "ಆಕಿ ಶಿಬಿರಕ್ಕ ಹೋಗಿ ಬರ್ಲಿ. ಆಮ್ಯಾಲ ಬಂದ ಕೇಳ್ರಿ."

ಆಗಲಿ ಎಂದೆ.